ನಂಜುಂಡ ಸುಮ್ಮನಿರುತ್ತಿದ್ದ ಜಾಗ

ಮೊನ್ನೆ ಅಂಗಡಿಗೆ ಬಂದ ದಪ್ಪ ಮೀಸೆಯ ಗಿರಾಕಿಯೊಬ್ಬರು, ನಾನು ಅವರ ಕನ್ನಡಕದ ಕಡ್ಡಿ ಬಗ್ಗಿಸಿ ಸರಿಮಾಡುವಷ್ಟು ಹೊತ್ತೂ ಗಾಜಿನ ಕೌಂಟರಿನ ಮೇಲೆ ಬೆರಳಲ್ಲಿ ತಾಳ ಕುಟ್ಟುತ್ತಿದ್ದರು. ತಕಿಟ ತಕಿಟ ತಕ, ತಕಿಟ ತಕಿಟ ತಕ. ಅವರಿಗೆ ಅದು ಯಾವ ತಾಳವೆಂದು ಗೊತ್ತಿರಲಿಕ್ಕಿಲ್ಲ. ಯಾವುದೋ ಸಿನಿಮಾ ಹಾಡು ತಲೆಯಲ್ಲಿ ಓಡುತ್ತಿದ್ದಿರಬೇಕು. ನನ್ನ ಕೈ ಮಾತ್ರ ನಿಂತೇಬಿಟ್ಟಿತು. "ಏನ್ ಸಾರ್, ಮುರ್ದೋಯ್ತಾ?" ಎಂದು ಗಾಬರಿಯಿಂದ ಕೇಳಿದರು. ಇಲ್ಲ ಸಾರ್, ಹಾಗೇನಿಲ್ಲ ಎಂದು ಕಡ್ಡಿ ಒರೆಸಿ ಕೊಟ್ಟೆ.

ಅದು ಟ್ಯಾಂಗೋ ನಡೆ. ಜಯನಗರದಲ್ಲಿ ಕನ್ನಡಕ ಮಾರುವವನಿಗೂ ಅರ್ಜೆಂಟೀನಾ ದೇಶದ ಟ್ಯಾಂಗೋ ಸಂಗೀತಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಬಲಗೈ ನೋಡಿದ್ದರೆ ಕೇಳುತ್ತಿರಲಿಲ್ಲ. ಆ ಕೈಯ ಉಗುರುಗಳು ಉದ್ದ, ಎಡಗೈಯವು ಗಿಡ್ಡ. ಕ್ಲಾಸಿಕಲ್ ಗಿಟಾರನ್ನು ಉಗುರಿನಿಂದಲೇ ಮೀಟಬೇಕು, ಹಾಗಾಗಿ ಈ ವೇಷ. ಗಿರಾಕಿಗಳ ಕಿವಿಯ ಹಿಂದೆ ಫ್ರೇಮು ಕೂರಿಸಲು ಹೋದರೆ ಹೆಂಗಸರು ಬೆಚ್ಚಿ ಹಿಂದಕ್ಕೆ ಸರಿಯುತ್ತಿದ್ದರು. ಆಗ ಅಂಗಡಿಯ ಯಜಮಾನರಾಗಿದ್ದ ನಮ್ಮ ಸೋದರಮಾವ, "ನಿಂಗೇನು ಒಂದೇ ಕೈಗೆ ದೆವ್ವ ಹಿಡಿದಿದ್ಯೇನೋ?" ಎಂದು ಎಲ್ಲರೆದುರು ಬೈಯುತ್ತಿದ್ದರು. ನಾನು ನಗುತ್ತಿದ್ದೆ. ದೆವ್ವ, ಭೂತ, ಗಾಳಿ, ಸೋಂಕು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇಲ್ಲವೆಂದೇ ಹೇಳಿಕೊಳ್ಳುತ್ತೇನೆ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ನಂಜುಂಡ ಮತ್ತು ನಾನು ತೊಂಬತ್ತರ ದಶಕದಲ್ಲಿ ವಿಲ್ಸನ್ ಗಾರ್ಡನ್ನಿನ ಒಬ್ಬ ಮೇಷ್ಟ್ರ ಹತ್ತಿರ ಒಟ್ಟಿಗೆ ಗಿಟಾರು ಕಲಿತವರು. ಅವನಿಗೆ ಬನಶಂಕರಿ ಕಡೆಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ. ಮನೆ ಯಡಿಯೂರು ಕೆರೆಯ ಹತ್ತಿರ. ಒಂದು ದಿನ ಮೇಷ್ಟ್ರು ನಮಗೊಂದು ಟ್ಯಾಂಗೋ ಕ್ಯಾಸೆಟ್ ಕೊಟ್ಟರು. ಕಾಪಿಯಿಂದ ಕಾಪಿ ಮಾಡಿದ ಕ್ಯಾಸೆಟ್ಟು, ಅರ್ಧ ಸಂಗೀತ, ಅರ್ಧ ಬುಸ್ಸೆನ್ನುವ ಸದ್ದು. ಅದರಲ್ಲಿ ನಮ್ಮ ಹಾರ್ಮೋನಿಯಂನ ದಾಯಾದಿಯಂಥ ಒಂದು ಪೆಟ್ಟಿಗೆ ಇತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಕೈಯಿಂದ ಎಳೆದು ಒತ್ತಿ ನುಡಿಸುತ್ತಾರಂತೆ. ಜೊತೆಗೆ ಪಿಟೀಲು, ಪಿಯಾನೋ. ಕುಣಿತಕ್ಕೆಂದು ಹುಟ್ಟಿದ ಸಂಗೀತವೇ ಹೌದು, ಆದರೆ ಕುಣಿಯುವ ಇಬ್ಬರ ನಡುವೆ ಏನೋ ಸರಿಯಿಲ್ಲ ಎಂದು ಕೇಳಿದ ಕೂಡಲೇ ತಿಳಿಯುತ್ತಿತ್ತು. "ಇದ್ನ ಎರಡು ಗಿಟಾರಿಗೆ ಇಳ್ಸಿ ನೋಡೋಣ," ಎಂದರು ಮೇಷ್ಟ್ರು.

ಯಡಿಯೂರಿನ ಅವನ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಟೇಪನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ, ಅಷ್ಟು ಜನ ನುಡಿಸಿದ್ದನ್ನು ನಾವಿಬ್ಬರು ಹಂಚಿಕೊಂಡೆವು. ಮುಖ್ಯವಾದ ಹಾಡು ನನಗೆ, ಯಾಕೆಂದರೆ ನನಗೆ ಜಂಬ ಜಾಸ್ತಿ. ಕೆಳಗಿನ ಸ್ವರಗಳು, ತಕಿಟ ತಕಿಟ ತಕ ಎಂಬ ಆ ನಡೆ, ಎಲ್ಲ ನಂಜುಂಡನಿಗೆ. ಅದಕ್ಕಾಗಿ ತನ್ನ ಗಿಟಾರಿನ ಆರನೇ ತಂತಿಯನ್ನು ಅವನು ಒಂದು ಸ್ವರ ಕೆಳಗಿಳಿಸಿಕೊಳ್ಳುತ್ತಿದ್ದ. ನಡುವೆ ಒಂದು ಜಾಗದಲ್ಲಿ ಮಾತ್ರ ಎಂಟು ಆವರ್ತ ಅವನಿಗೇನೂ ಕೆಲಸವಿರಲಿಲ್ಲ. ಅಲ್ಲಿ ನನ್ನ ಹಾಡು ಒಂಟಿಯಾಗಿ ಮೆಲ್ಲಗೆ ಮೇಲಿನಿಂದ ಕೆಳಗಿಳಿಯುತ್ತಿತ್ತು. ಅವನು ತಂತಿಗಳ ಮೇಲೆ ಅಂಗೈಯಿಟ್ಟು, ನಾನೇ ಮಾರಿದ್ದ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ, ಕಿಟಕಿಯಾಚೆ ನೋಡುತ್ತ ಕೂತುಬಿಡುತ್ತಿದ್ದ. ಆಮೇಲೆ ಪ್ರತಿಸಲವೂ ತಡವಾಗಿ ಶುರುಮಾಡುತ್ತಿದ್ದ.

"ಎಲ್ಲೋಗಿದ್ಯೋ ಮಗಾ?" ಎಂದು ನಾನು ರೇಗುತ್ತಿದ್ದೆ.

"ಇಲ್ಲೇ ಇದ್ದೆ ಕಣೋ. ಕೇಳ್ತಾ ಕೂತಿದ್ದೆ."

ಅವನ ತಾಯಿ ಕಮಲಮ್ಮನವರು ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಹೋಗುತ್ತಿದ್ದದ್ದು ವಾರಕ್ಕೊಮ್ಮೆ. ಉಳಿದ ದಿನಗಳಲ್ಲಿ ಅವನು ಕೆಲಸದಿಂದ ಬಂದು ಮುಖ ತೊಳೆದು, ಅವರು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಬಾಗಿಲು ಹಾಕಿಕೊಂಡು ಒಬ್ಬನೇ ಅಭ್ಯಾಸ ಮಾಡುತ್ತಿದ್ದ. ಎಂದರೆ ತನ್ನ ಪಾಲನ್ನಷ್ಟೇ. ನನ್ನ ಪಾಲಿನ ಹಾಡು ಅವರ ಕಿವಿಗೆ ಬಿದ್ದದ್ದು ಕಡಿಮೆ. ಎರಡನೇ ಗಿಟಾರು ಮಾತ್ರ ದಿನಾ ಬಿದ್ದಿತ್ತು. ಅವರ ಮಟ್ಟಿಗೆ ಅದೇ ಹಾಡು.

ನಂಜುಂಡನಿಗೆ ಕಾಮಾಲೆಯಾಯಿತು. ಮೊದಲು ನಾಟಿ ಔಷಧಿ, ಆಮೇಲೆ ಆಸ್ಪತ್ರೆ, ಆಮೇಲೆ ಏನೂ ಇಲ್ಲ. ಅವನು ಹೋದಾಗ ನನಗೆ ಅಳು ಬರಲಿಲ್ಲ, ವಿಪರೀತ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಬಹಳ ಕಾಲ ಗಿಟಾರಿನ ಪೆಟ್ಟಿಗೆಯನ್ನೇ ತೆಗೆಯಲಿಲ್ಲ.

ಹೊಸ ಶತಮಾನ ಶುರುವಾದ ಮೇಲೆ ಮೇಷ್ಟ್ರು ಒಂದು ದಿನ ಅಂಗಡಿಗೇ ಬಂದರು. ಜಯನಗರದ ಒಂದು ಶಾಲೆಯ ಹಾಲಿನಲ್ಲಿ ಶಿಷ್ಯರ ಕಾರ್ಯಕ್ರಮ ಇಟ್ಟಿದ್ದರು. "ಆ ಟ್ಯಾಂಗೋನ ನೀನೊಬ್ಬನೇ ನುಡಿಸ್ಬೇಕು. ಎರಡೂ ಪಾರ್ಟ್ ಒಂದೇ ಗಿಟಾರಿಗೆ ಬರೋ ಹಾಗೆ ಮಾಡ್ಕೋ," ಎಂದರು. ಹೂಂ ಎಂದುಬಿಟ್ಟೆ. ಎಷ್ಟು ಕಷ್ಟವೆಂದು ಆಮೇಲೆ ತಿಳಿಯಿತು. ಒಂದೇ ಕೋಣೆಯಲ್ಲಿ ಎರಡು ಸಂಸಾರ ಹೂಡಿದ ಹಾಗೆ. ಕಿರುಬೆರಳಿಗೆ ಗಿಟಾರಿನಲ್ಲಿ ಕೆಲಸವಿಲ್ಲ; ಹೆಬ್ಬೆರಳು ನಂಜುಂಡನಿಗೆ, ಉಳಿದ ಮೂರು ಬೆರಳು ನನಗೆ. ಎಲ್ಲ ಸ್ವರಗಳೂ ಒಂದು ಕೈಯೊಳಗೆ ಹಿಡಿಸುವುದಿಲ್ಲ, ಏನನ್ನಾದರೂ ಬಿಡಲೇಬೇಕು. ಬಿಡುವುದೆಂದಾಗಲೆಲ್ಲ ಹೋಗುತ್ತಿದ್ದದ್ದು ಅವನ ಸ್ವರಗಳೇ. ಒಂದೊಂದು ಸ್ವರ ಬಿಡುವಾಗಲೂ ಅವನನ್ನು ಇನ್ನೊಂದಿಷ್ಟು ಹೊರಗೆ ಹಾಕುತ್ತಿದ್ದೇನೆ ಅನ್ನಿಸುತ್ತಿತ್ತು.

ಎಲ್ಲಕ್ಕಿಂತ ಕಾಡಿದ್ದು ಆ ಎಂಟು ಆವರ್ತ. ಅಲ್ಲಿ ಮೊದಲೂ ನಾನೊಬ್ಬನೇ ನುಡಿಸುತ್ತಿದ್ದದ್ದು, ಏನೂ ಬದಲಾಗಬೇಕಿರಲಿಲ್ಲ. ಆದರೂ ಆ ಜಾಗ ಈಗ ಬರೀ ಖಾಲಿಯಾಗಿ ಕೇಳಿಸಿತು. ನಂಜುಂಡ ಎದುರಿಗೆ ಕೂತು ಸುಮ್ಮನಿರುತ್ತಿದ್ದದ್ದೂ ಸಂಗೀತದಲ್ಲಿ ಸೇರಿತ್ತೆಂದು ಆಗ ಗೊತ್ತಾಯಿತು. ಏನೇನೋ ತುಂಬಿ ನೋಡಿದೆ, ಯಾವುದೂ ಕೂರಲಿಲ್ಲ.

ಅವನ ತಾಯಿಗೆ ಒಂದು ಮಾತು ಹೇಳದೆ ಇದನ್ನು ಸಭೆಯಲ್ಲಿ ನುಡಿಸುವುದು ಸರಿಯಲ್ಲವೆಂದು ಒಂದು ಸಂಜೆ ಯಡಿಯೂರಿಗೆ ಹೋದೆ. ಮೇಲಿನ ಮಹಡಿಯಲ್ಲಿ ಮಗಳು, ಅಳಿಯ ಇದ್ದರು, ಕೆಳಗೆ ಕಮಲಮ್ಮನವರು. ಮುಂದಿನ ಕೋಣೆ ಗುಡಿಸಿ ಒರೆಸಿ ಹಾಗೇ ಇತ್ತು. ಅವನ ಗಿಟಾರು ಕುರ್ಚಿಯ ಮೇಲೆ. ತೆಗೆದುಕೊಂಡು ಶ್ರುತಿ ನೋಡಿದರೆ, ಸರಿಯಾಗಿಯೇ ಇತ್ತು. ಆರನೇ ತಂತಿ ಅವನು ಇಳಿಸಿಕೊಳ್ಳುತ್ತಿದ್ದ ಜಾಗದಲ್ಲೇ ನಿಂತಿತ್ತು. ಗಿಟಾರನ್ನು ಒಂದು ವಾರ ಮುಟ್ಟದಿದ್ದರೆ ಈ ಊರಿನ ಹವೆಗೆ ಶ್ರುತಿ ಕೆಡುತ್ತದೆ. ಇದನ್ನು ಮುಟ್ಟಿ ವರ್ಷಗಳಾಗಿದ್ದವು. ತಂತಿ ಹಳೆಯದಾದಷ್ಟೂ ಹಿಗ್ಗುವುದು ಕಡಿಮೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಕೈಮೇಲಿನ ಕೂದಲು ಎದ್ದು ನಿಂತದ್ದು ನಿಂತೇ ಇತ್ತು.

ನನ್ನ ಹೊಸ ಏರ್ಪಾಡನ್ನು ಪೂರ್ತಿ ನುಡಿಸಿ ತೋರಿಸಿದೆ. ಅವರು ಮರ್ಯಾದೆಯಿಂದ ಕೊನೆಯವರೆಗೂ ಕೇಳಿದರು.

"ಚೆನ್ನಾಗಿದೆ ಕಣಪ್ಪ. ನಮ್ ನಂಜುಂಡನ ಹಾಡು ಯಾವಾಗ ನುಡಿಸ್ತೀಯ?"

ನಾನು ನುಡಿಸಿದ್ದರಲ್ಲಿ ಅವರಿಗೆ ಮಗ ಸಿಕ್ಕಿರಲೇ ಇಲ್ಲ. ಆಗ ಎರಡನೇ ಗಿಟಾರನ್ನಷ್ಟೇ, ಅವನು ನುಡಿಸುತ್ತಿದ್ದ ಹಾಗೆಯೇ ಶುರುಮಾಡಿದೆ. ಅವರ ಮುಖ ಅರಳಿತು. ಬಾಯೊಳಗೇ ಗುನುಗತೊಡಗಿದರು. ಒಂದು ಸ್ವರವೂ ತಪ್ಪಲಿಲ್ಲ. ಆ ಎಂಟು ಆವರ್ತದ ಜಾಗ ಬಂತು. ನಾನು ತಂತಿಗಳ ಮೇಲೆ ಕೈಯಿಟ್ಟು ಸುಮ್ಮನಾದೆ. ಅವರು ಸುಮ್ಮನಾಗಲಿಲ್ಲ. ಕೆಳಗಿನಿಂದ ಒಂದೊಂದೇ ಸ್ವರ ಹತ್ತುತ್ತ, ಮಧ್ಯೆ ಒಮ್ಮೆ ತಡೆದು, ಮತ್ತೆ ಹತ್ತುವ ಒಂದು ಸಾಲನ್ನು ಗುನುಗುತ್ತಲೇ ಹೋದರು. ನನ್ನ ಬೆರಳು ತಾನಾಗಿ ನನ್ನ ಪಾಲಿನ ಹಾಡನ್ನು ಹಿಡಿಯಿತು. ಅದು ಇಳಿಯುತ್ತ, ಇದು ಹತ್ತುತ್ತ, ಎಂಟನೇ ಆವರ್ತದಲ್ಲಿ ಎರಡೂ ಒಂದೇ ಸ್ವರದ ಮೇಲೆ ಬಂದು ನಿಂತವು.

"ಆಂಟಿ, ಇದೆಲ್ಲಿತ್ತು? ಅವ್ನು ಇಲ್ಲಿ ಸುಮ್ನಿರ್ತಿದ್ದ."

"ಮುಂಚೆ ಸುಮ್ನೇ ಇರ್ತಿದ್ದ. ಇದು ಈಚೆಗೆ ಸೇರ್ಸಿದ್ದು."

"ಈಚೆಗೆ ಅಂದ್ರೆ?"

"ಹೋದ್ಮೇಲೆ," ಎಂದರು, ಹಾಲು ಬಂತು ಎನ್ನುವಷ್ಟು ಸಹಜವಾಗಿ. "ದೀಪ ಹಚ್ಚೋ ಹೊತ್ಗೆ ಕೇಳ್ಸತ್ತೆ. ದಿನಾ ಇಲ್ಲ. ರೂಮಿನ ಬಾಗಿಲು ಹಾಕಿರ್ಬೇಕು, ಅಷ್ಟೇ."

ಮಗನನ್ನು ಕಳೆದುಕೊಂಡ ತಾಯಿಯ ಕಿವಿ ಏನನ್ನಾದರೂ ಹುಟ್ಟಿಸಿಕೊಂಡೀತು, ಒಪ್ಪಿದೆ. ಆದರೆ ಸಂಗೀತವನ್ನೇ ಕಲಿಯದವರು, ಸರಿಯಾಗಿ ಕೇಳಿಯೂ ಇರದ ನನ್ನ ಹಾಡಿಗೆ ಅಷ್ಟು ಹೊಂದುವ ಸಾಲನ್ನು ಹುಟ್ಟಿಸಿಕೊಳ್ಳುವುದು ಹೇಗೆ? ಮನೆಗೆ ಬಂದು ಹಳೆಯ ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹಾಕಿದೆ. ಅದರಲ್ಲಿ ಅಂಥದ್ದು ಏನೂ ಇರಲಿಲ್ಲ. ಅವರ ಮನೆಯಿಂದ ಹೊರಡುವ ಮುಂಚೆ, ಆ ಸಾಲನ್ನು ಸೇರಿಸಿಕೊಳ್ಳಲೇ ಎಂದು ಅವರನ್ನು ಕೇಳಿದ್ದೆ. "ಸೇರಿಸ್ಕೊಳಪ್ಪ, ಕೇಳ್ಬೇಕೇನು! ಎಲ್ರೂ ಕೇಳ್ಲಿ," ಎಂದಿದ್ದರು.

ಕಾರ್ಯಕ್ರಮದ ದಿನ ನಿರೂಪಣೆ ಮಾಡುತ್ತಿದ್ದವರು "ಈಗ ಟ್ಯಾಂಗೋ ಎಂಬ ಪಾಶ್ಚಾತ್ಯ ನೃತ್ಯ" ಎಂದು ಘೋಷಿಸಿದ್ದರಿಂದ ಸಭೆ ಕುಣಿಯುವವರಿಗಾಗಿ ಬಾಗಿಲು ನೋಡುತ್ತಿತ್ತು. ಬಂದವನು ಕನ್ನಡಕದಂಗಡಿಯ ನಾನು, ಗಿಟಾರನ್ನೂ, ನುಡಿಸುವಾಗ ಕಾಲಿಡಲು ಒಂದು ಪುಟ್ಟ ಮಣೆಯನ್ನೂ ಹಿಡಿದುಕೊಂಡು. ಒಂದಿಬ್ಬರು ನಕ್ಕರು. ಕಮಲಮ್ಮನವರು ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದರು. ನುಡಿಸುತ್ತ ಆ ಜಾಗ ಬಂದಾಗ ಹೆಬ್ಬೆರಳು ನಾನು ಹೇಳುವ ಮುಂಚೆಯೇ ಹೊರಟಿತು. ಕೈ ನನ್ನದೇ, ಆದರೆ ಅವಸರ ನನ್ನದಲ್ಲ. ನಾನು ಜನ್ಮದಲ್ಲಿ ಅಷ್ಟು ಚೆನ್ನಾಗಿ ನುಡಿಸಿದ್ದಿಲ್ಲ. ಚಪ್ಪಾಳೆ ಬಿತ್ತು, ಮೇಷ್ಟ್ರು ಬೆನ್ನು ತಟ್ಟಿದರು, ಹನುಮಂತನಗರದ ಒಂದು ಸಂಗೀತ ಸಭೆಯವರು ನಮ್ಮಲ್ಲೂ ನುಡಿಸಿ ಎಂದು ಅಲ್ಲೇ ಕರೆದರು. ನಾನು ಆಕಾಶದಲ್ಲಿದ್ದೆ.

ಕೆಲವು ದಿನಗಳ ಮೇಲೆ ಕಮಲಮ್ಮನವರು ಅಂಗಡಿಗೆ ಬಂದರು. ಕನ್ನಡಕಕ್ಕೆ ಬಂದಿರಬೇಕೆಂದು ಕುರ್ಚಿ ಎಳೆದುಕೊಟ್ಟೆ. ಅವರು ಕೂರಲಿಲ್ಲ.

"ಅವತ್ತಿಂದ ಕೇಳಿಸ್ತಾನೇ ಇಲ್ಲ ಕಣಪ್ಪ."

"ಕಿವಿ ಡಾಕ್ಟರ್ ಹತ್ರ ಹೋಗೋಣ್ವಾ ಆಂಟಿ?"

"ಕಿವಿಗೇನಾಗಿದೆ? ಪಕ್ಕದ್ಮನೆ ಕುಕ್ಕರ್ ಕೂಗೋದೂ ಕೇಳ್ಸತ್ತೆ. ಅವ್ನು ಮಾತ್ರ ಇಲ್ಲ." ಸ್ವಲ್ಪ ಹೊತ್ತು ನನ್ನ ಬಲಗೈಯನ್ನೇ ನೋಡಿದರು. "ನಿನ್ ಜೊತೆ ಬಂದ್ಬಿಟ್ಟಿದಾನೆ ಅನ್ಸತ್ತೆ. ಬೇಜಾರ್ ಮಾಡ್ಕೋಬೇಡ. ಮನೆಗೆ ತಂದ್ ಬಿಟ್ಬಿಡು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಗೆ ಬಂದಿದ್ದ ನೆಂಟರು ಮರೆತು ಒಯ್ದ ಕೊಡೆಯನ್ನು ಕೇಳುವ ಸಂಕೋಚವಷ್ಟೇ ಇತ್ತು. ಆ ಸಾಲು ನನಗೂ ಬೇಕಿತ್ತು. ಅದನ್ನು ನುಡಿಸುವಾಗ ನನ್ನ ಹೆಬ್ಬೆರಳಲ್ಲಿ ನಂಜುಂಡ ಇದ್ದ, ಅವನು ಹೋದ ಮೇಲೆ ಅವನೊಂದಿಗೆ ಕೂತು ನುಡಿಸಿದೆ ಅನ್ನಿಸಿದ್ದು ಅದೊಂದೇ ಸಲ. ಆದರೆ ಇಬ್ಬರೂ ಇಟ್ಟುಕೊಳ್ಳುವ ಹಾಗಿಲ್ಲವೆಂದರೆ ಯಾರದ್ದೆಂದು ಯೋಚಿಸಲು ನನಗೇನೂ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಹನುಮಂತನಗರದವರಿಗೆ ಆಗುವುದಿಲ್ಲವೆಂದೆ. ಪ್ರತಿ ಶನಿವಾರ ಅಂಗಡಿಯಿಂದ ಬೇಗ ಹೊರಟು, ದೀಪ ಹಚ್ಚುವ ಹೊತ್ತಿಗೆ ಯಡಿಯೂರಿಗೆ ಹೋಗಿ, ಬಾಗಿಲು ಹಾಕಿಕೊಂಡು ಅವನ ಗಿಟಾರಿನಲ್ಲಿ ಎರಡನೇ ಪಾಲನ್ನು ನುಡಿಸತೊಡಗಿದೆ. ಆ ಜಾಗ ಬಂದಾಗ ತಂತಿಯ ಮೇಲೆ ಕೈಯಿಟ್ಟು ಸುಮ್ಮನಿರುತ್ತಿದ್ದೆ. ಹೆಬ್ಬೆರಳು ತುಡಿಯುತ್ತಿತ್ತು, ನಾನು ಬಿಡುತ್ತಿರಲಿಲ್ಲ. ಖಾಲಿ ಕೋಣೆಯಲ್ಲಿ ಮೌನವನ್ನು ಎಣಿಸುತ್ತ ಕೂತ ನನ್ನನ್ನು ಸೋದರಮಾವ ನೋಡಿದ್ದರೆ ಅಂಗಡಿಯ ಬೀಗದಕೈ ಕೊಡುತ್ತಿರಲಿಲ್ಲ. ವಾರಗಳು ಕಳೆದವು. ನಾನು ಹೊರಬಂದಾಗಲೆಲ್ಲ ಅವರು ಇಲ್ಲವೆಂದು ತಲೆಯಾಡಿಸಿ ಕಾಫಿ ಕೊಡುತ್ತಿದ್ದರು. ದೀಪಾವಳಿ ಕಳೆದ ಮೇಲೆ ಒಂದು ಶನಿವಾರ, ನಾನಿನ್ನೂ ಎದ್ದೇ ಇರಲಿಲ್ಲ, ಅಡುಗೆಮನೆಯಿಂದ ದನಿ ಬಂತು: "ಬಂದ ಕಣಪ್ಪ."

ನನಗೇನೂ ಕೇಳಿಸಿರಲಿಲ್ಲ. ಆದರೂ ಶನಿವಾರ ಹೋಗುವುದನ್ನು ನಾನು ನಿಲ್ಲಿಸಲಿಲ್ಲ. ಬೇರೆ ಕಡೆ ಆ ಟ್ಯಾಂಗೋ ನುಡಿಸಿದರೆ ಆ ಜಾಗದಲ್ಲಿ ನನ್ನ ಹಾಡನ್ನೂ ಬಿಟ್ಟು ಪೂರ್ತಿ ಸುಮ್ಮನಾಗುತ್ತೇನೆ. ಜನ ಮುಗಿಯಿತೆಂದು ತಿಳಿದು ಚಪ್ಪಾಳೆ ಹೊಡೆಯುತ್ತಾರೆ.

ಇದೆಲ್ಲ ಆಗಿ ಏಳೆಂಟು ವರ್ಷವಾಯಿತು. ಆ ಮೀಸೆಯ ಗಿರಾಕಿ ಬಂದದ್ದೂ ಶನಿವಾರವೇ. ಸಂಜೆ ಎಂದಿನಂತೆ ಹೋದೆ. ಆ ಕಡೆ ಮೆಟ್ರೋ ಕೆಲಸಕ್ಕೆಂದು ಮರ ಕಡಿಯುತ್ತಿದ್ದರು. ಗರಗಸದ ಸದ್ದಿಗೆ ನಾನು ಕಿವಿ ಮುಚ್ಚಿಕೊಳ್ಳಬೇಕಾಯಿತು. ಕಮಲಮ್ಮನವರಿಗೆ ಅದು ತಿಳಿಯಲೇ ಇಲ್ಲ. ಈಗ ಅವರಿಗೆ ನಿಜವಾಗಿಯೂ ಕಿವಿ ಹೋಗಿದೆ. ಮಗಳು ತಂದುಕೊಟ್ಟ ಮಿಷನ್ನು ಕಿರಿಕಿರಿಯೆಂದು ಡ್ರಾಯರಿನಲ್ಲಿ ಮಲಗಿದೆ. ಅಡುಗೆಮನೆಯಲ್ಲಿ ನಿಲ್ಲಲಾಗದೆ ಈಚೆಗೆ ಕೋಣೆಯೊಳಗೆ ಮಂಚದ ಮೇಲೆಯೇ ಕೂರುತ್ತಾರೆ.

ಬಾಗಿಲು ಹಾಕಿ ನುಡಿಸತೊಡಗಿದೆ. ಗರಗಸ ನಿಂತಿತ್ತು. ಅವರು ಸೆರಗಿನ ದಾರ ಕೀಳುತ್ತ ಗೋಡೆ ನೋಡುತ್ತಿದ್ದರು. ಅರ್ಧ ದಾರಿಯಲ್ಲಿ, "ಶುರು ಮಾಡ್ದ್ಯಾ?" ಎಂದು ಜೋರಾಗಿ ಕೇಳಿದರು. ನುಡಿಸುತ್ತಲೇ ತಲೆಯಾಡಿಸಿದೆ. ನನ್ನ ಒಂದು ಸ್ವರವೂ ಅವರನ್ನು ಮುಟ್ಟುತ್ತಿರಲಿಲ್ಲ.

ಆ ಜಾಗ ಬಂತು. ತಂತಿಗಳ ಮೇಲೆ ಅಂಗೈಯಿಟ್ಟೆ. ದಾರ ಕೀಳುತ್ತಿದ್ದ ಅವರ ಬೆರಳು ನಿಂತಿತು. ಮುಖ ಮೇಲೆದ್ದಿತು. ತಲೆ ಮೆಲ್ಲಗೆ ತೂಗತೊಡಗಿತು; ಆ ತೂಗುವಿಕೆ ನಡೆ ತಪ್ಪಲಿಲ್ಲ. ಎಂಟು ಆವರ್ತ ಎಣಿಸಿ, ಮುಂದಿನದಕ್ಕೆ ಹೆಬ್ಬೆರಳು ಇಳಿಸಹೊರಟೆ. ಅವರು ಕೈಯೆತ್ತಿ ತಡೆದರು.

"ಇರು. ಇನ್ನೂ ಮುಗ್ದಿಲ್ಲ. ಈಚೆಗೆ ಇನ್ನೊಂಚೂರು ಉದ್ದ ಮಾಡಿದಾನೆ."

ನಾನು ಬೆರಳೆತ್ತಿಕೊಂಡು, ಅವನು ಮುಗಿಸಲೆಂದು ಕಾಯುತ್ತ ಕೂತೆ.