ಬೈ-ಟು ಕಾಫಿಗೆ ಎಷ್ಟು ಕಪ್?

ವಸಂತಪುರದ ಬಸ್ಸು ಬರಲಿಲ್ಲವೆಂದು ಬನಶಂಕರಿಯ ಹೋಟೆಲೊಂದಕ್ಕೆ ನುಗ್ಗಿ ಕಾಫಿ ತೆಗೆದುಕೊಂಡೆ. ಕಸವೇ ಬೇಡವೆಂದು ಮಾಲೀಕರು ಪೇಪರ್ ಲೋಟ ಬಿಟ್ಟು, ಕಾಫಿ ಕುಡಿದ ಮೇಲೆ ತಿನ್ನಬಹುದಾದ ಬಿಸ್ಕತ್ ಕಪ್ ತಂದಿದ್ದಾರೆ.

"ಒಂದು ಕಾಫಿ, ಬೈ-ಟು ಮಾಡಪ್ಪಾ," ಎಂದರು ಇಬ್ಬರು ಹಿರಿಯರು.

"ಅರ್ಧರ್ಧ ಕಾಫಿಗೆ ಎರಡು ಕಪ್ ಕೊಟ್ರೆ ನಾನು ಮುಳುಗೋಗ್ತೀನಿ ಸಾರ್!"

"ಹಂಗಾದ್ರೆ ಎದುರುಗಡೆ ಹೋಟ್ಲಿಗೆ ಹೋಗ್ತೀವಿ, ಬಿಡು."

ಮಾಲೀಕರು ಸೋತು ಎರಡು ಕಪ್ ಎತ್ತಿಕೊಂಡರು. ಅಷ್ಟರಲ್ಲಿ ಹಿರಿಯರು ಚೀಲದಿಂದ ಸ್ಟೀಲ್ ಲೋಟಗಳನ್ನು ತೆಗೆದರು. ಮಾಲೀಕರ ಮುಖ ಅರಳಿತು.

"ಕಾಫಿ ಇದಕ್ಕೆ ಹಾಕು. ಕಪ್ ಎರಡೂ ಪಾರ್ಸಲ್ ಮಾಡು, ಮೊಮ್ಮಕ್ಕಳಿಗೆ."

ಮಾಲೀಕರು ಪ್ಲಾಸ್ಟಿಕ್ ಕವರ್ ಹುಡುಕುತ್ತ ನನ್ನತ್ತ ತಿರುಗಿದರು: "ನೀವೇ ಹೇಳಿ ಸಾರ್, ಕಸ ಕಮ್ಮಿ ಆಯ್ತಾ?"

ನಾನು ಒರೆಸಿಕೊಳ್ಳಲು ಪೇಪರ್ ಕೇಳಿದೆ. ಬಸ್ಸಿನ ಆತುರದಲ್ಲಿ, ಕಾಫಿ ಕುಡಿಯುವ ಮೊದಲೇ ಕಪ್ಪನ್ನು ಕಚ್ಚಿದ್ದೆ. ಕಾಫಿಯನ್ನೆಲ್ಲ ಅಂಗಿ ಕುಡಿದಿತ್ತು.