ಮಾವ ಮಾಡಿದ ಲಿವರ್

ಅದಕ್ಕೇ ನಾನು ಹೇಳ್ತಾ ಇದ್ದದ್ದು, ಆ ಆಸ್ಪತ್ರೆ ಸಿನಿಮಾ ಡಬ್ಬಾ ಅನ್ನುವುದರಲ್ಲಿ ನನಗೂ ತಕರಾರಿಲ್ಲ. ಹಾರರ್ ಸಿನಿಮಾ ಅಂದರೆ ಪ್ರಾಣ ಬಿಡುವ ನಾನೇ ಎರಡು ಸಲ ಆಕಳಿಸಿದೆ. ಆದರೆ ಅದರಲ್ಲಿ ನಾಲ್ಕು ಸೆಕೆಂಡು ಒಂದು ಲಿವರ್ ಬರುತ್ತದೆ. ಅದನ್ನು ಮಾಡಿದ್ದು ನನ್ನ ಸೋದರಮಾವ.

ಮಾವ ಹಲ್ಲು ಕಟ್ಟುವವರು. ಇಪ್ಪತ್ತೆರಡು ವರ್ಷ ಭಾಮೈದನ ಲ್ಯಾಬಿನಲ್ಲಿ ಕೂತು ಊರಿನ ಅರ್ಧ ಮುದುಕರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದಾರೆ. ಸಿನಿಮಾದವರು ಕರೆದಾಗ ಕೆಲಸ ಬಿಟ್ಟು ಹೋದರು. ಲೈಬ್ರರಿಯಿಂದ ಡಾಕ್ಟರ್ ಓದುವ ದಪ್ಪ ಪುಸ್ತಕ ತಂದು, ಏಳು ವಾರ ಕೂತು, ಪದರದ ಮೇಲೆ ಪದರ ಸಿಲಿಕಾನ್ ಹಾಕಿ, ಹಲ್ಲಿನ ಬುಡಕ್ಕೆ ಹಳದಿ ಹಚ್ಚುವ ಕೂದಲೆಳೆ ಬ್ರಷ್ಷಿನಲ್ಲೇ ಬಣ್ಣ ಹಚ್ಚಿದರು. ಕೆಳಗಡೆ ಪಿತ್ತಕೋಶವೂ ಇತ್ತು, ಪಾಚಿ ಬಣ್ಣದ್ದು. ಡೈರೆಕ್ಟರು ಅದರ ಮೇಲೆ ಒಂದು ಬಕೆಟ್ ರಕ್ತ ಸುರಿದರು.

ಸಿನಿಮಾ ಬಿಡುಗಡೆ ಆದ ವಾರ ಎರಡು ಕಡೆಯಿಂದ ಒತ್ತಾಯ. ಎರಡನೇ ಭಾಗಕ್ಕೆ ಬರ್ತೀರೋ ಇಲ್ಲವೋ ಅಂತ ಡೈರೆಕ್ಟರು. ಶನಿವಾರದವರೆಗೆ ಮಾತ್ರ ನಿಮ್ಮ ಕುರ್ಚಿ ಖಾಲಿ ಇಡ್ತೀನಿ ಅಂತ ಭಾಮೈದ. ಮಾವ ಇಬ್ಬರನ್ನೂ ಕಾಯಲು ಹೇಳಿ ನನ್ನ ಹತ್ತಿರ ಬಂದರು.

"ನನ್ ಕೆಲ್ಸ ಒಬ್ರ ಕಣ್ಣಿಗಾದ್ರೂ ಬಿತ್ತಾ ಅಂತ ಗೊತ್ತಾಗ್ಬೇಕು ಕಣೋ. ಆಮೇಲೆ ನೋಡೋಣ" ಅಂದರು.

ನಾನು ಥಿಯೇಟರ್ ಬಾಗಿಲಲ್ಲಿ ಫೋನ್ ಹಿಡಿದು ಜನರ ಅಭಿಪ್ರಾಯ ಕೇಳಿ ನನ್ನ ಚಾನೆಲ್ಲಿಗೆ ಹಾಕುವವನು. ಮಾವ ಮೂರು ದಿನ ನನ್ನ ಹಿಂದೆ ಬಂದು ನಿಂತರು, ಜೇಬಿನಲ್ಲಿ ಕೈ ಇಟ್ಟುಕೊಂಡು.

"ಅರಿವಳಿಕೆ ಇಂಜೆಕ್ಷನ್ ಪೇಷೆಂಟ್‌ಗಲ್ಲ ಗುರೂ, ನಮಗೇ ಕೊಟ್ಟಂಗಿತ್ತು" ಅಂದ ಒಬ್ಬ.

"ಡಾಕ್ಟ್ರೇ ಕೊಲೆಗಾರ ಅಂತ ಇಂಟರ್ವಲ್‌ಗೆ ಮುಂಚೇನೇ ನಮ್ಮತ್ತೆಗೂ ಗೊತ್ತಾಯ್ತು. ಅವ್ರು ನಿದ್ದೆ ಮಾಡ್ತಿದ್ರು" ಅಂದಳು ಒಬ್ಬಳು. ಪಕ್ಕದಲ್ಲಿದ್ದ ಅತ್ತೆ, "ನಿದ್ದೆ ಎಲ್ಲಿ ಬಂತು, ಒಂದೇ ಸಮ ಕಿರಚ್ತಿದ್ರಲ್ಲ" ಅಂದರು.

"ಮತ್ತೆ ಆ ಲಿವರ್ರು?" ಅಂತ ನಾನು ಎಲ್ಲರನ್ನೂ ಕೇಳುತ್ತಿದ್ದೆ.

"ಯಾವ ಲಿವರ್ರು?"

ಎಲ್ಲರದೂ ಅದೇ ಉತ್ತರ. ಮೊದಲ ದಿನ ಮಾವನ ಮುಖ ಸಪ್ಪಗಾಗುತ್ತಿತ್ತು. ಮೂರನೇ ದಿನಕ್ಕೆ ಅದೂ ನಿಂತುಹೋಯಿತು. ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ನಿಂತಿರುತ್ತಿದ್ದರು.

ಶುಕ್ರವಾರ ಬೆಳಗಿನ ಆಟ ಬಿಟ್ಟಾಗ ಒಬ್ಬಾಕೆ ಒಬ್ಬರೇ ಬಂದರು, ಕೈಯಲ್ಲಿ ಅರ್ಧ ತಿಂದ ಪಾಪ್‌ಕಾರ್ನ್. ಆಪರೇಷನ್ ಥಿಯೇಟರಿನ ನರ್ಸಂತೆ.

"ರಜಾ ದಿನಾನೂ ಆಸ್ಪತ್ರೆ ಸಿನಿಮಾನೇನಾ ಸಿಸ್ಟರ್?" ಅಂದೆ.

"ಹೆದ್ರಿಕೆ ಆಗುತ್ತೇನೋ ಅಂತ ಬಂದೆ. ಬರೀ ಆಟದ ಸಾಮಾನು, ನಗು ಬಂತು. ಆ ಲಿವರ್ ಒಂದು ಬಿಟ್ಟು."

ನಾನು ಫೋನನ್ನು ಇನ್ನೂ ಹತ್ತಿರ ಹಿಡಿದೆ. "ಅದು ಹೇಗಿತ್ತು?"

"ಹೇಗೂ ಇರ್ಲಿಲ್ಲ. ನಂಗೆ ಏನೂ ಅನ್ನಿಸ್ಲೇ ಇಲ್ಲ, ದಿನಾ ನೋಡೋದೇ ತಾನೆ. ರಕ್ತ ನಿಲ್ಸೋ ಗಾಜ್ ಬಟ್ಟೆ ಒತ್ತಿ ಹಿಡಿಯೋಕೆ ಕೈ ತಾನಾಗೇ ಮುಂದೆ ಹೋಯ್ತು. ಆದ್ರೆ ಎಡಗಡೆ ಇಟ್ಟಿದ್ರಲ್ಲಪ್ಪ, ಯಾವ ಪುಣ್ಯಾತ್ಮ?"

ಮಾವ ಮೊದಲ ಸಲ ಬಾಯಿಬಿಟ್ಟರು. "ಇಟ್ಟಿದ್ದು ನಾನಲ್ಲಮ್ಮ. ಬಲಗಡೆ ಇಟ್ರೆ ಹೀರೋ ಮುಖ ಕಾಣಲ್ಲ ಅಂದ್ರು. ಮಾಡಿದ್ದು ಮಾತ್ರ ನಾನು."

ಆಕೆ ಮಾವನ ಕೈಬೆರಳುಗಳನ್ನು ಒಮ್ಮೆ ನೋಡಿದರು. "ಚೆನ್ನಾಗಿ ಮಾಡಿದೀರ" ಅಂದು ಆಟೋ ಹತ್ತಿದರು.

ಮಾವ ಕುಣಿದಾಡುತ್ತಾರೆ ಅಂದುಕೊಂಡಿದ್ದೆ. "ಸರಿ, ನಡಿ" ಅಂದರು ಅಷ್ಟೆ.

"ಖುಷಿ ಆಗ್ಲಿಲ್ವಾ ಮಾವ?"

"ಹಲ್ಲು ಕೀಳೋಕೆ ಮುಂಚೆ ಸೂಜಿ ಚುಚ್ತಾರಲ್ಲ, ಹಾಗಿದೆ ಕಣೋ. ತುಟಿ ಇದೆ ಅಂತ ಗೊತ್ತು. ಮುಟ್ಟಿದ್ರೆ ಗೊತ್ತಾಗಲ್ಲ."

ದಾರಿಯಲ್ಲೇ ಡೈರೆಕ್ಟರ ಫೋನ್ ಬಂತು. ಈ ಸಲ ಇಪ್ಪತ್ತು ಲಿವರ್ ಬೇಕಂತೆ. "ಅಷ್ಟು ನೀಟಾಗಿ ಬೇಡ ಸಾರ್, ಹೇಗಿದ್ರೂ ರಕ್ತ ಸುರೀತೀವಿ" ಅಂದದ್ದು ನನಗೂ ಕೇಳಿಸಿತು.

ಮಾವ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. "ಹಾಗಾದ್ರೆ ಬಲೂನಿಗೆ ಬಣ್ಣ ಬಳ್ಕೊಳ್ಳಿ ಸಾರ್. ನನ್ ಲಿವರ್‌ನ ನೋಡ್ಬೇಕಾದವ್ರು ನೋಡಾಯ್ತು" ಅಂದು ಫೋನ್ ಇಟ್ಟರು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಶನಿವಾರ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. "ಬಂದ್ರಾ ಭಾವ, ಸಿನಿಮಾ ಸ್ಟಾರು!" ಅಂದ ಭಾಮೈದ. ಮಾವ ಮೇಜಿನ ಮೇಲಿದ್ದ ಹಲ್ಲಿನ ಅಚ್ಚು ಕೈಗೆತ್ತಿಕೊಂಡರು. "ಯಾರದ್ದಪ್ಪಾ ಈ ಮೇಲ್ದವಡೆ?" ಅಂತ ಕೇಳಿ ದೀಪ ಹತ್ತಿರ ಎಳೆದುಕೊಂಡರು.

ನೀವೂ ಒಮ್ಮೆ ಆ ಲ್ಯಾಬಿಗೆ ಹೋಗಿ ಬನ್ನಿ. ಪ್ಲಾಸ್ಟಿಕ್ ಕೊಡ ಮಾರುವ ಅಂಗಡಿ ಪಕ್ಕದ ಮೆಟ್ಟಿಲು ಹತ್ತಿದರೆ ಮೊದಲನೇ ಮಹಡಿ, ಕಿಟಕಿ ಕಡೆಯ ಕುರ್ಚಿ. ಸಿನಿಮಾ ನೋಡಿ ಬೈದಿದ್ದರೆ ಬೈದಿದ್ದೇವೆ ಅಂತಲೇ ಹೇಳಿ, ಬೇಜಾರು ಮಾಡಿಕೊಳ್ಳುವ ಆಸಾಮಿ ಅಲ್ಲ. ಮಾತು ಕಡಿಮೆ. ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಅವರು ಕೆಲಸ ಮಾಡುವುದನ್ನು ನೋಡಿ.