ರಾಯ್ಸ್ ಹೆಸರಿನ ಕೆಳಗೆ ಯಾವ ಪದ

ಅಮೆರಿಕದ ಮೊಂಟಾನಾದ ಡ್ರೈ ಫೋರ್ಕ್ ಎಂಬ ಊರಿನ ರೋಡಿಯೋದಲ್ಲಿ, ಅಂದರೆ ಪುಂಡ ಕುದುರೆ ಹತ್ತುವ ಪಂದ್ಯದಲ್ಲಿ, ಗಡಿಯಾರ ಹಿಡಿದು ಕೂರುವವಳು ನೆಡ್ರಾ ಪ್ರೂಯಿಟ್. ಮದುವೆಯಾದ ವರ್ಷ ಹಿಡಿದದ್ದು, ತಲೆ ನೆರೆತರೂ ಬಿಟ್ಟಿಲ್ಲ. ಕುದುರೆ ಗೇಟಿನಿಂದ ಹೊರಗೆ ಹಾರಿತೋ, ಗುಂಡಿ ಒತ್ತಬೇಕು. ಸವಾರ ಎಂಟು ಸೆಕೆಂಡು ಅದರ ಬೆನ್ನ ಮೇಲೆ ಉಳಿದರೆ ಅಂಕ, ಅದಕ್ಕೆ ಮುಂಚೆ ಮಣ್ಣು ಮುಕ್ಕಿದರೆ ಸೊನ್ನೆ. ಆ ಸವಾರರಲ್ಲಿ ಅವಳ ಗಂಡ ರಾಯ್ಸೂ ಒಬ್ಬ. ಒಂದು ವರ್ಷ ಅವನು ಎಂಟು ಸೆಕೆಂಡಿಗೆ ಕೂದಲೆಳೆಯಷ್ಟು ಬಾಕಿ ಇರುವಾಗ ಬಿದ್ದ. ಮೇಲೆ ಅಟ್ಟಣೆಯಲ್ಲಿ ಕೂತಿದ್ದ ನೆಡ್ರಾ ಬಿದ್ದ ಕ್ಷಣಕ್ಕೇ ಗುಂಡಿ ಒತ್ತಿ ಗಡಿಯಾರ ನಿಲ್ಲಿಸಿದಳು. ಅವಳೊಮ್ಮೆ ರೆಪ್ಪೆ ಬಡಿದಿದ್ದರೂ ಸಾಕಿತ್ತು, ಗೆದ್ದವರಿಗೆ ಕೊಡುವ ಬೆಳ್ಳಿಯ ಬೆಲ್ಟ್ ಬಕಲ್ ಮನೆಗೆ ಬರುತ್ತಿತ್ತು. ಅವತ್ತು ಊಟಕ್ಕೆ ಕೂತಾಗ ರಾಯ್ಸ್ ಕೇಳಿದ.

"ಅಲ್ಲ ಕಣೇ, ಸ್ವಂತ ಗಂಡನಿಗೆ ಒಂಚೂರು ಕೈ ತಡ ಆಗ್ಬಾರ್ದಿತ್ತಾ?"

"ತಡ ಮಾಡಿದ್ರೆ ನಾಳೆ ಕನ್ನಡೀಲಿ ಮುಖ ಹೆಂಗ್ ನೋಡ್ಕೋತಿದ್ದೆ? ಸುಮ್ನೆ ಬೀನ್ಸ್ ತಿನ್ನು."

ರಾಯ್ಸ್ ನಕ್ಕುಬಿಟ್ಟ. ಆಮೇಲೆ ಇನ್ನೂ ಸ್ವಲ್ಪ ಬೀನ್ಸ್ ಬಡಿಸಿಕೊಂಡ.

ವಾರವೆಲ್ಲ ಕಂಡವರ ಜಮೀನಿಗೆ ಬೇಲಿ ಹಾಕುವುದು, ಶನಿವಾರ ಬಂತೆಂದರೆ ಗೆಳೆಯ ಕ್ಲೆಲ್ ಬ್ಯಾಸ್ಕಮ್‌ನ ಜತೆ ಹಳೇ ಪಿಕಪ್ ಹತ್ತಿ ಯಾವುದೋ ಊರಿನ ಕುದುರೆಯಿಂದ ಬಿದ್ದು ಬರುವುದು, ಇದೇ ರಾಯ್ಸ್‌ನ ಬದುಕು. ಹೆಗಲ ಮೂಳೆ ಮುರಿಯಿತು, ಪಕ್ಕೆಲುಬು ಮುರಿಯಿತು, ಕೈಗೆ ಪಟ್ಟಿ ಸುತ್ತಿಕೊಂಡು ಮತ್ತೆ ಹತ್ತಿದ. ಬಕಲ್ ಮಾತ್ರ ಕೊನೆಯವರೆಗೂ ಬರಲಿಲ್ಲ. ಕ್ಲೆಲ್ ತನ್ನ ಮಂಡಿ ಕೆಟ್ಟ ಮೇಲೆ ಸವಾರಿ ಬಿಟ್ಟು ಅದೇ ರೋಡಿಯೋದಲ್ಲಿ ಮೈಕ್ ಹಿಡಿದ. ರಾಯ್ಸ್ ಬಿದ್ದಾಗಲೆಲ್ಲ ಊರಿಗೇ ಕೇಳುವ ಹಾಗೆ ಕೂಗುತ್ತಿದ್ದವನು ಅವನೇ: "ನೋಡ್ರಪ್ಪಾ, ಟ್ರೈ ಅಂದ್ರೆ ಇದು!"

ಬೇರೆ ಕಡೆ ಯಾರಾದರೂ 'ಟ್ರೈ ಮಾಡ್ತೀನಿ' ಅಂದರೆ ಕೈ ಕೊಡುತ್ತಾರೆ ಅಂತಲೇ ಲೆಕ್ಕ. ಕುದುರೆ ಹತ್ತುವ ಈ ಜನರಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಗೆಲ್ಲುವುದೇನು, ಒಳ್ಳೆಯ ಕುದುರೆ ಪಾಲಿಗೆ ಬಂದರೆ ಯಾರು ಬೇಕಾದರೂ ಗೆದ್ದಾರು. ಕಾಲು ರಿಕಾಪಿನಿಂದ ಜಾರಿದೆ, ಜೀನು ವಾಲಿದೆ, ಸೋಲು ಖಾತ್ರಿಯಾಗಿದೆ, ಆದರೂ ಗದ್ದವನ್ನು ಎದೆಗೊತ್ತಿಕೊಂಡು ಹಗ್ಗ ಬಿಡದೆ ಇರುತ್ತಾನಲ್ಲ, ಅವನಲ್ಲಿ ಟ್ರೈ ಇದೆ ಅನ್ನುತ್ತಾರೆ. ಬಕಲ್ ಗೆದ್ದ ಎಷ್ಟೋ ಜನಕ್ಕೆ ಆ ಮಾತು ಸಿಕ್ಕಿಲ್ಲ. ರಾಯ್ಸ್‌ಗೆ ಸಿಕ್ಕಿತ್ತು.

ಕಳೆದ ಚಳಿಗಾಲದಲ್ಲಿ ರಾಯ್ಸ್ ತೀರಿಕೊಂಡ. ಅವನು ಯಾವಾಗಲೂ ಹೊರಡುತ್ತಿದ್ದ ಮೂರನೇ ಗೇಟಿಗೆ ಅವನ ಹೆಸರಿನ ಹಿತ್ತಾಳೆ ಫಲಕ ಹಾಕಬೇಕೆಂದು ರೋಡಿಯೋ ಸಮಿತಿ ತೀರ್ಮಾನಿಸಿತು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಸಮಿತಿಯ ಹೊಸ ಅಧ್ಯಕ್ಷ ಗ್ರಾಂಟ್ ಎಲ್ಸ್‌ವರ್ತ್ ಅಂತ. ಶಹರದಲ್ಲಿ ಜಾಹೀರಾತು ಬರೆದು ದುಡ್ಡು ಮಾಡಿ, ಇಲ್ಲಿ ಬಂದು ದನ ಮೇಯಿಸುವ ದೊಡ್ಡ ರ‍್ಯಾಂಚ್ ಕೊಂಡವನು. ಮೈದಾನಕ್ಕೆ ಹೊಸ ದೀಪ ಹಾಕಿಸಿದ್ದ, ಕೂರಲು ಹೊಸ ಬೆಂಚು ಹಾಕಿಸಿದ್ದ. ಅದರ ಜತೆಗೆ ಊರಿನವರ ಬಾಯಿಗೂ ಬೀಗ ಬಿತ್ತು.

ಫಲಕದ ಮೇಲೆ ಏನು ಬರೆಯಬೇಕೆಂದು ಕೇಳಲು ನೆಡ್ರಾಳನ್ನು ಸಭೆಗೆ ಕರೆದರು. ಅವಳು ಕೂರುವ ಮೊದಲೇ ಹೇಳಿದಳು.

"ಹೆಸ್ರು ಹಾಕಿ. ಕೆಳಗೆ, ಟ್ರೈ ಇತ್ತು ಅಂತ ಬರೀರಿ. ಅಷ್ಟೇ ಸಾಕು."

ಗ್ರಾಂಟ್ ಮುಖದಲ್ಲಿ ಕರುಣೆ ತಂದುಕೊಂಡ. "ನೆಡ್ರಾ ಅವ್ರೇ, ಟ್ರೈ ಅಂದ್ರೆ ಏನೋ ಮಾಡೋಕ್ ಹೋದ್ರು, ಆಗ್ಲಿಲ್ಲ ಅಂತಾಗತ್ತೆ. ತೀರ್ಕೊಂಡೋರ್ನ ಹಾಗೆ ನೆನೆಸ್ಕೋಬಾರ್ದು."

"ಆಗ್ಲಿಲ್ಲ ಅನ್ನೋದು ನಿಜ ತಾನೇ? ಗಡಿಯಾರ ಹಿಡ್ದಿದ್ದೋಳು ನಾನೇ ಕಣ್ರೀ."

"ಎಂಡೆವರ್ ಅಂತ ಹಾಕೋಣ. ಅರ್ಥ ಹೆಚ್ಚುಕಮ್ಮಿ ಅದೇ, ಆದ್ರೆ ಆ ಪದಕ್ಕೊಂದು ಗಾಂಭೀರ್ಯ ಇದೆ."

"ಕೆಮ್ಮಿನ ಔಷಧಿ ಹೆಸ್ರಿದ್ದಂಗಿದೆ," ಅಂದಳು ಮೂಲೆಯಲ್ಲಿ ಕೂತಿದ್ದ, ಹಣ್ಣಿನ ಪೈ ಮಾರುವ ಅಂಗಡಿಯ ಓಪಲ್. ಒಬ್ಬಿಬ್ಬರು ನಕ್ಕು, ಅಧ್ಯಕ್ಷನ ಮುಖ ನೋಡಿ ನಗು ನುಂಗಿಕೊಂಡರು.

"ಸರಿ, ಅಟೆಂಪ್ಟ್?"

"ಅದು ಪೊಲೀಸ್ನೋರು ಬರ್ಕೊಳೋ ಪದ. ಕೊಲೆಗೆ ಅಟೆಂಪ್ಟ್, ದರೋಡೆಗೆ ಅಟೆಂಪ್ಟ್. ನನ್ ಗಂಡ ಕುದುರೆ ಹತ್ತಿದ್ದ, ಬ್ಯಾಂಕಿನ ಕಿಟಕಿ ಹತ್ತಿರ್ಲಿಲ್ಲ."

"ಹಾಗಾದ್ರೆ ಸ್ಟ್ರೈವ್. ಶ್ರೇಷ್ಠತೆಗಾಗಿ ಸ್ಟ್ರೈವ್ ಮಾಡಿದ ಧೀಮಂತ! ಎಷ್ಟು ಚೆನ್ನಾಗಿ ಕೂರತ್ತೆ ನೋಡಿ."

"ರಾಯ್ಸ್ ಹುಟ್ಟಿದಾಗಿಂದ ಶ್ರೇಷ್ಠತೆ ಅಂತ ಬಾಯ್ಬಿಟ್ಟೋನಲ್ಲ. ಎದುರಿಗೆ ಯಾರಾದ್ರೂ ಅಂದಿದ್ರೆ ಎದ್ದು ದನ ನೋಡೋಕ್ ಹೋಗ್ತಿದ್ದ."

ಹೊಟ್ಟೆ ಉರಿಯುವ ಮಾತೇನು ಗೊತ್ತೇ? ಆ ಕೋಣೆಯಲ್ಲಿ ಕೂತಿದ್ದ ಗಂಡಸರೆಲ್ಲ, ಅಧ್ಯಕ್ಷನೊಬ್ಬನನ್ನು ಬಿಟ್ಟು, ಒಂದಲ್ಲ ಒಂದು ಕಾಲದಲ್ಲಿ ಕುದುರೆ ಹತ್ತಿದವರೇ. ಆ ಪದದ ಬೆಲೆ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬನಾದರೂ ತುಟಿ ಪಿಟಕ್ಕೆನ್ನಬೇಕಲ್ಲ! ಒಬ್ಬ ಉಗುರು ನೋಡಿಕೊಂಡ, ಇನ್ನೊಬ್ಬ ಹೊಸ ದೀಪದ ಬಗ್ಗೆ ಏನೋ ಗೊಣಗಿದ. ಸಾವಿರಾರು ಮೈಲಿ ರಾಯ್ಸ್‌ನ ಪಕ್ಕದಲ್ಲಿ ಕೂತು, ಒಂದೇ ಸ್ಯಾಂಡ್‌ವಿಚ್ ಇಬ್ಭಾಗ ಮಾಡಿ ತಿಂದ ಕ್ಲೆಲ್, ಕಾಫಿ ಲೋಟದೊಳಗೆ ಕಣ್ಣಿಟ್ಟು ಕೂತಿದ್ದ. ಮುಂದಿನ ಸಭೆಯಲ್ಲಿ ನೋಡೋಣ ಎಂದು ಅಧ್ಯಕ್ಷ ಎದ್ದ.

ಹೊರಗೆ ಬಂದ ಮೇಲೆ ಕ್ಲೆಲ್‌ಗೆ ಮಾತು ಬಂತು. "ನೀನ್ ತಲೆ ಕೆಡಿಸ್ಕೋಬೇಡ ಕಣೇ. ಎಲ್ರೆದುರಿಗೆ ಎದುರಾಡಿದ್ರೆ ಅವ್ನು ಹಟ ಹಿಡೀತಾನೆ. ಮುಂದಿನ ಸಭೇಲಿ ನಾನ್ ಹೇಳಿ ಒಪ್ಪಿಸ್ತೀನಿ, ನೀನು ಬರೋದೂ ಬೇಡ."

"ಹೇಳ್ತೀಯಾ ತಾನೇ?"

"ರಾಯ್ಸ್ ವಿಷ್ಯ ನಾನ್ ಹೇಳ್ದೆ ಇನ್ಯಾರ್ ಹೇಳ್ತಾರೆ?"

ನೆಡ್ರಾ ನಂಬಿದಳು. ಯಾಕೆ ನಂಬಬಾರದು? ಸಭೆಗೆ ಹೋಗಲಿಲ್ಲ. ಕರು ಹಾಕುವ ಕಾಲ, ಮನೆಯಲ್ಲಿ ಕೆಲಸವೂ ಕುತ್ತಿಗೆ ತನಕ ಇತ್ತು.

ರೋಡಿಯೋ ದಿನ ಊರಿಗೆ ಊರೇ ಹೊಸ ಬೆಂಚುಗಳ ಮೇಲೆ ಕೂತಿತ್ತು. ಗ್ರಾಂಟ್ ಮೂರನೇ ಗೇಟಿನ ಮುಂದೆ ನಿಂತು ಫಲಕಕ್ಕೆ ಮುಚ್ಚಿದ್ದ ಬಟ್ಟೆ ಎಳೆದ. ಮೇಲಿನಿಂದ ಮೈಕಿನಲ್ಲಿ ಕ್ಲೆಲ್ ಓದಿದ: "ರಾಯ್ಸ್ ಪ್ರೂಯಿಟ್. ಶ್ರೇಷ್ಠತೆಗಾಗಿ ಸ್ಟ್ರೈವ್ ಮಾಡಿದ ಧೀಮಂತ." ಜನ ಚಪ್ಪಾಳೆ ಹೊಡೆದರು. ನೆಡ್ರಾಳ ಮೈಯೆಲ್ಲ ಬೆಂಕಿಯಾಯಿತು. ಅವಳು ನೆಟ್ಟಗೆ ಗ್ರಾಂಟ್‌ನ ಹತ್ತಿರ ಹೋದಳು.

"ಏನ್ರೀ ಇದು?"

"ಸಮಿತಿ ಒಪ್ಪಿದ್ದು, ನೆಡ್ರಾ ಅವ್ರೇ. ಯಾರೂ ಬೇಡ ಅನ್ಲಿಲ್ವಲ್ಲ."

"ಕ್ಲೆಲ್ ಏನೂ ಹೇಳ್ಲಿಲ್ವಾ?"

"ಕ್ಲೆಲ್ಲಾ? ಅವ್ರು ಇದ್ರು. ಏನೂ ಅನ್ಲಿಲ್ಲಪ್ಪ." ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಪಾಪ, ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಗೇಟು ತೆಗೆಯುವವನ ಸೊಂಟದಲ್ಲಿ ಸ್ಕ್ರೂಡ್ರೈವರ್ ಇತ್ತು. ನೆಡ್ರಾ ಕೈ ಚಾಚಿದಳು, ಅವನು ಎರಡನೇ ಮಾತಿಲ್ಲದೆ ಕೊಟ್ಟ. ಊರೆಲ್ಲ ನೋಡುತ್ತಿದ್ದಂತೆ ನಾಲ್ಕು ಮೂಲೆಯ ಸ್ಕ್ರೂಗಳನ್ನೂ ತಿರುಗಿಸಿ ತೆಗೆದಳು. ಫಲಕವನ್ನು ಗ್ರಾಂಟ್‌ನ ಎದೆಗೆ ಒತ್ತಿದಳು.

"ತಗೊಳ್ರಿ. ಈ ಧೀಮಂತ ಯಾರೋ ನಂಗೊತ್ತಿಲ್ಲ. ನಾನು ಮದುವೆ ಆಗಿದ್ದು ಬೇರೆಯೋನ್ನ. ಇವ್ನನ್ನ ನಿಮ್ ಮನೆ ಗೇಟಿಗೆ ಹಾಕ್ಕೊಳಿ."

"ಹಾಗಾದ್ರೆ ಇಲ್ಲಿ ಏನೂ ಇರಲ್ವಲ್ಲ, ನೆಡ್ರಾ ಅವ್ರೇ."

"ಇಲ್ದೇ ಇರ್ಲಿ."

ಅವಳು ಪಿಕಪ್ಪಿನ ಕಡೆ ನಡೆದಳು. ಕ್ಲೆಲ್ ಮೈಕ್ ಬಿಟ್ಟು, ಕೆಟ್ಟ ಮಂಡಿ ಎಳೆದುಕೊಂಡು, ಅಟ್ಟಣೆಯ ಮೆಟ್ಟಿಲಿಳಿದು ಹಿಂದೆ ಓಡೋಡಿ ಬಂದ. ಏದುಸಿರು ಬಿಡುತ್ತಿದ್ದ.

"ನೆಡ್ರಾ, ನಿಲ್ಲು ಮಾರಾಯ್ತಿ. ನನ್ ಕಷ್ಟಾನೂ ನೋಡು. ನನ್ ದನ ಎಲ್ಲಾ ಅವ್ನ ಹುಲ್ಲುಗಾವಲಲ್ಲಿ ಮೇಯ್ತಿರೋದು, ನಿಂಗೊತ್ತಲ್ಲ. ಅವ್ನು ಬಿಟ್ಟು ಹೋಗು ಅಂದ್ರೆ ನಾನೆಲ್ಲಿಗ್ ಹೊಡ್ಕೊಂಡ್ ಹೋಗ್ಲಿ?"

"ಅದನ್ನ ಅವತ್ತೇ ನಂಗೆ ಹೇಳಿದ್ರೆ ನಾನೇ ಬರ್ತಿದ್ದೆ."

"ನಾನೂ ಟ್ರೈ ಮಾಡ್ದೆ ಕಣೇ. ದೇವರಾಣೆ."

ನೆಡ್ರಾ ತಿರುಗಿ ನಿಂತಳು. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಅವ್ನ ಹತ್ರ ಬೇಕಾದಷ್ಟು ಪದ ಇದಾವೆ, ಕ್ಲೆಲ್. ಎಂಡೆವರ್ ತಗೋ, ಸ್ಟ್ರೈವ್ ತಗೋ, ಅಟೆಂಪ್ಟ್ ತಗೋ, ಯಾವ್ದು ಬೇಕೋ ಅದನ್ನ ತಗೋ. ಅದೊಂದನ್ನ ಮಾತ್ರ ಮುಟ್ಬೇಡ. ಅದು ರಾಯ್ಸ್‌ದು."